ಸುಣ್ಣದ ಅಂಗಡಿಯವನ ಆಮೆ

ಸುರಪುರದಲ್ಲಿ ನಿಮಗೆ ಬೆಳ್ಳಗೆ ಕಾಣುವ ಗೋಡೆಗಳಲ್ಲಿ ಅರ್ಧ ನನ್ನವು. ಅಂದರೆ ಗೋಡೆ ಅವರವರದ್ದೇ, ಸುಣ್ಣ ಮಾತ್ರ ನನ್ನದು. ಬಸ್ ನಿಲ್ದಾಣದಿಂದ ಪೇಟೆಗೆ ಬರುವ ದಾರಿಯಲ್ಲಿ ನನ್ನ ಸುಣ್ಣ-ಬಣ್ಣದ ಅಂಗಡಿಯಿದೆ. ಹಬ್ಬ ಯಾರದ್ದೇ ಇರಲಿ, ಮೊದಲು ನನ್ನ ಬಾಗಿಲಿಗೇ ಬರಬೇಕು. ಸುಣ್ಣದ ಹರಳನ್ನು ಕೈಯಲ್ಲಿ ಹಿಡಿದೇ ಇದು ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೋ ಸತ್ತ ಸುಣ್ಣವೋ ಎಂದು ಹೇಳಬಲ್ಲೆ. ಇಂಥವನಿಗೆ ಕ್ಯಾಲ್ಸಿಯಂ ಬಗ್ಗೆ ಯಾರಾದರೂ ಬುದ್ಧಿ ಹೇಳಲು ಬಂದರೆ ಸಿಟ್ಟು ಬರುತ್ತದೋ ಇಲ್ಲವೋ? ನನಗಂತೂ ಬರುತ್ತದೆ. ನನ್ನ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಸಾಮಾನು ಅದೊಂದೇ.

ಹೆಸರು ಮುಜಫರ. ಮನೆಯಲ್ಲಿ ನಮ್ಮದು ದಖನಿ, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಮನೆಯಲ್ಲಿ ನಡೆದ ಮಾತನ್ನೂ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಗುಡ್ಡಿ ನನ್ನ ಅಕ್ಕನ ಮಗಳು. ಅವಳನ್ನು ಹೆರುವಾಗ ಅಕ್ಕ ಉಳಿಯಲಿಲ್ಲ. ಭಾವ ಹಸನಸಾಬ ಲಾರಿ ಡ್ರೈವರ್. ನೆಲಕ್ಕೆ ಹಾಸುವ ಪರಸಿಕಲ್ಲು ಹೇರಿಕೊಂಡು ಹೈದರಾಬಾದಿನ ದಾರಿ ಹಿಡಿದನೆಂದರೆ ಯಾವಾಗ ತಿರುಗಿ ಬರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಹೀಗಾಗಿ ಹುಡುಗಿ ಬೆಳೆದದ್ದು ನಮ್ಮ ಮನೆಯಲ್ಲಿ, ನನ್ನ ತಾಯಿ ಹಜರಾಬೀಯ ಮಡಿಲಲ್ಲಿ. ನನಗೂ ನನ್ನ ಹೆಂಡತಿ ಉಮೆಸಲ್ಮಾಗೂ ಮಕ್ಕಳಾಗಲಿಲ್ಲ. ಗುಡ್ಡಿ ಇದ್ದುದರಿಂದ ಆ ಕೊರತೆ ನೆನಪಿಗೂ ಬರಲಿಲ್ಲ.

ಅವಳು ಕಾಲೇಜಿನಲ್ಲಿದ್ದಾಗ ಹಸನಸಾಬ ಹೈದರಾಬಾದಿನಿಂದ ಒಂದು ಆಮೆಮರಿ ತಂದುಕೊಟ್ಟ. ಆಫ್ರಿಕಾ ಕಡೆಯ, ನೆಲದ ಮೇಲೆ ಬದುಕುವ ಜಾತಿಯದು, ಕಾಗದಪತ್ರವೆಲ್ಲ ಸರಿಯಾಗಿತ್ತು. ಅಂಗೈಯಷ್ಟಿದ್ದದ್ದು ಬೆಳೆದು ಊಟದ ತಾಟಿನಷ್ಟಾಯಿತು. ಯಾರು ಕರೆದರೂ ತಿರುಗಿ ನೋಡದ ಅದರ ಠೀವಿ ನೋಡಿ ನಾವು ‘ಜನಾಬ್’, ಅಂದರೆ ಸಾಹೇಬರು, ಎಂದು ಹೆಸರಿಟ್ಟೆವು. ಮುಂದೆ ಹಸನಸಾಬ ಹೃದಯಾಘಾತವಾಗಿ ತೀರಿಕೊಂಡ. ಅಪ್ಪನದೆಂದು ಗುಡ್ಡಿಗೆ ಉಳಿದದ್ದು ಒಂದು ಫೋಟೋ ಮತ್ತು ಜನಾಬ್.

ಅವಳ ಲಗ್ನವನ್ನು ನಾನೇ ಮುಂದೆ ನಿಂತು ಕುದುರಿಸಿದೆ. ಹೈದರಾಬಾದಿನ ಹುಡುಗ, ಗುಣದಲ್ಲಿ ಒಳ್ಳೆಯವನು. ಮನೆ ನೋಡಲು ಹೋದಾಗ ಸಂಜೆಯಾಗಿತ್ತು, ಒಳಗೆಲ್ಲ ಲೈಟು ಝಗಝಗ ಅನ್ನುತ್ತಿತ್ತು. ನಾನು ನನ್ನ ವಿದ್ಯೆಯನ್ನೆಲ್ಲ ಉಪಯೋಗಿಸಿ ಗೋಡೆಗಳನ್ನು ಬೆರಳಿನಿಂದ ಬಡಿದು ನೋಡಿದೆ. ಎಲ್ಲಿಯೂ ಪದರು ಎದ್ದಿರಲಿಲ್ಲ, ತೇವದ ಕಲೆ ಇರಲಿಲ್ಲ, ಬಣ್ಣವೂ ಅಗ್ಗದ್ದಲ್ಲ. ಇಂಥ ಗೋಡೆಯ ಮನೆಯಲ್ಲಿ ಕೆಟ್ಟ ಜನ ಇರಲು ಸಾಧ್ಯವಿಲ್ಲವೆಂದು ಅಲ್ಲಿಯೇ ಹೂಂ ಅಂದೆ. ಜನರ ವಿಷಯದಲ್ಲಿ ನನ್ನ ಲೆಕ್ಕ ತಪ್ಪಲಿಲ್ಲ.

ಬೀಳ್ಕೊಡುವಾಗ ಗುಡ್ಡಿ ನನ್ನ ಕುತ್ತಿಗೆಗೆ ಬಿದ್ದು ಅತ್ತಳು. ಅಳುತ್ತಲೇ ಕಿವಿಯಲ್ಲಿ ಹೇಳಿದಳು: “ಮಾಮು, ಜನಾಬ್ ನಿಮ್ಮ ಕೈಯಾಗ ಅಮಾನತ್ ಹಾನ. ನೋಡ್ಕೋರಿ.”

ಅಮಾನತ್ ಎಂದರೆ ನಂಬಿ ಕೈಗೆ ಕೊಟ್ಟದ್ದು. ಇಟ್ಟದ್ದನ್ನು ಇಟ್ಟ ಹಾಗೆ ತಿರುಗಿ ಕೊಡದಿದ್ದರೆ ಈ ಲೋಕದಲ್ಲೂ ಮುಖ ಇಲ್ಲ, ಆ ಲೋಕದಲ್ಲೂ ಇಲ್ಲ. “ನನ್ನ ಜೀವ ಹೋದ್ರೂ ಅದರ ಒಂದು ಕೂದಲು ಕೊಂಕಂಗಿಲ್ಲ” ಎಂದೆ. ಆಮೆಗೆ ಕೂದಲು ಇರುವುದಿಲ್ಲ ಎಂದು ಉಮೆಸಲ್ಮಾ ಹಿಂದಿನಿಂದ ಹೇಳಿದಳು. ಅಂಥ ಹೊತ್ತಿನಲ್ಲೂ ಅವಳಿಗೆ ನನ್ನ ಮಾತು ತಿದ್ದಬೇಕು.

ಅಂದಿನಿಂದ ನಾನು ಜನಾಬ್‌ನ ಸೇವೆಗೆ ನಿಂತೆ. ಅವನು ಇರುವುದು ಮನೆಯ ಹಿಂದಿನ ಅಂಗಳದಲ್ಲಿ. ಅಲ್ಲಿ ಅರ್ಧ ಮಣ್ಣು, ಅರ್ಧ ಪರಸಿ ಹಾಸು. ಹೋಳಿ ಹುಣ್ಣಿಮೆ ಇನ್ನೂ ದೂರವಿತ್ತು, ಆಗಲೇ ಪರಸಿ ರೊಟ್ಟಿಯ ಹಂಚಿನಂತೆ ಕಾಯತೊಡಗಿತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ನಾವು ಬಿಸಿಲನ್ನು ಸಾಲ ವಸೂಲಿಗೆ ಬಂದವನಂತೆ ಕಂಡು ಬಾಗಿಲು ಹಾಕಿಕೊಳ್ಳುವ ಜನ. ಅಪ್ಪ ಸತ್ತ ಹುಡುಗಿಯ ಆಮೆ ನನ್ನ ಅಂಗಳದಲ್ಲಿ ಬಾಡುವುದೇ? ಇಡೀ ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಹಸಿರು ನೆರಳುಬಲೆ ಕಟ್ಟಿಸಿದೆ. ಒಂದು ಪದರು ತೆಳುವಾಯಿತೆಂದು ಮೇಲೆ ಇನ್ನೊಂದು ಪದರು ಹಾಕಿಸಿದೆ.

ಊಟದ ಮಾತಂತೂ ಕೇಳಬೇಡಿ. ಗುಡ್ಡಿ ಅವನಿಗೆ ಹುಲ್ಲು, ಬದುವಿನ ಸೊಪ್ಪು ಹಾಕುತ್ತಿದ್ದಳು. ಮನೆಯ ಮಗಳು ಬಿಟ್ಟುಹೋದ ಜೀವಕ್ಕೆ ಹುಲ್ಲು ಹಾಕುವಷ್ಟು ನಾನು ಬಡವನಾಗಿದ್ದೇನೆಯೇ? ಅನ್ನ, ಬಾಳೆಹಣ್ಣು, ಟೊಮೆಟೊ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಶಕ್ತಿ ಬರಲೆಂದು ದಿನಾ ಪಾಲಕ. ಜನಾಬ್ ತಿಂದ, ಉಬ್ಬಿದ. ಬೆನ್ನಿನ ಮೇಲಿನ ಚೌಕಗಳು ಒಂದೊಂದಾಗಿ ಗುಡ್ಡದಂತೆ ಎದ್ದವು. ಗಿರಾಕಿಗಳನ್ನು ಕರೆದು ತೋರಿಸಿದೆ: “ನೋಡ್ರಿ, ಸುರಪುರದ ಗುಡ್ಡ ಬೆನ್ನಮ್ಯಾಲೆ ಹೊತ್ಕೊಂಡಾನ.”

ಗುಡ್ಡಿ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. ನಾನು ಫೋನನ್ನು ನೇರ ಜನಾಬ್‌ನ ಮುಖಕ್ಕೆ ಹಿಡಿಯುತ್ತಿದ್ದೆ. ಅವಳ ಕಡೆ ಯಾವಾಗಲೂ ಟ್ಯೂಬ್‌ಲೈಟು, ಅವಳ ಮುಖ ಯಾವಾಗಲೂ ಬಿಳಿಚಿದ್ದು.

“ಏನವ್ವ, ನಿಮ್ಮ ಹೈದ್ರಾಬಾದ್ದಾಗ ನಡು ಮಧ್ಯಾಹ್ನ ಲೈಟ್ ಹಚ್ಕೊಂಡು ಕೂಡ್ತೀರಿ? ಕರೆಂಟ್ ಏನು ನಿಜಾಮ್ ಕೊಡ್ತಾನೇನು?” ಎಂದು ನಾನು ನಗುತ್ತಿದ್ದೆ.

ಅವಳೂ ನಗುತ್ತಿದ್ದಳು. “ಇಲ್ಲಿ ಹಂಗೇ ಮಾಮು. ಜನಾಬ್‌ನ್ನ ತೋರಸ್ರಿ. ಬೆನ್ನು ಯಾಕ ಹಂಗ ಉಬ್ಬ್ಯಾದ?”

“ಖುಷಿಲೇ ಉಬ್ಬ್ಯಾದ” ಎನ್ನುತ್ತಿದ್ದೆ.

ಚಿಪ್ಪು ಮೆತ್ತಗಾದದ್ದನ್ನು ಮೊದಲು ಕಂಡದ್ದು ಉಮೆಸಲ್ಮಾ. ನೀರು ಹಾಕಿ ಮೈ ತೊಳೆಯುವಾಗ ಅಂಚಿಗೆ ಹೆಬ್ಬೆರಳು ಒತ್ತಿದರೆ ಒಳಗೆ ಹೋಯಿತಂತೆ. ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗಿ ಕರಕರ ಸದ್ದು ಬರುತ್ತಿತ್ತು. ಮೊದಲೆಲ್ಲ ನಾಲ್ಕು ಕಾಲ ಮೇಲೆ ಎದ್ದು ಪೈಲ್ವಾನನಂತೆ ನಡೆಯುತ್ತಿದ್ದ. ಫೋನಿನಲ್ಲಿ ಹುಡುಕಿದೆ, ಕ್ಯಾಲ್ಸಿಯಂ ಕೊರತೆ ಎಂದು ಬಂತು. ಓದಿ ಜೋರಾಗಿ ನಕ್ಕೆ. “ಕ್ಯಾಲ್ಸಿಯಂ? ಅದು ನನ್ನ ಅಂಗಡ್ಯಾಗ ಮೂಟೆಗಟ್ಟಲೆ ಬಿದ್ದದ!”

ಅಮ್ಮ ಖಲಬತ್ತಾದಲ್ಲಿ ಎಲೆ-ಅಡಿಕೆ ಕುಟ್ಟುತ್ತಿದ್ದಳು. ಬಾಯಲ್ಲಿ ಹಲ್ಲಿಲ್ಲ, ಆದರೆ ಅವಳು ಎಲೆ ಬಿಟ್ಟಿಲ್ಲ. ಅವಳೂ ನನ್ನ ಮಾತಿಗೆ ತಾಳ ಹಾಕಿದಳು: “ಬಾಣಂತ್ಯಾರಿಗೆ ಎಲಿಗಿ ಸುಣ್ಣ ಹಚ್ಚಿ ಕೊಡಂಗಿಲ್ಲೇನು? ಎಲುಬು ಗಟ್ಟಿ ಆಗ್ಲಿ ಅಂತ. ಅದಕ್ಕೂ ಒಂದು ಕಡ್ಲಿಕಾಳಿನಷ್ಟು ಹಚ್ಚಿ ಕೊಡು.”

ಅಮ್ಮ ಹೇಳಿದ್ದು ಕಡಲೆಕಾಳಿನಷ್ಟು. ನಾನು ಹಚ್ಚಿದ್ದು ಗೋಡೆಗೆ ಹಚ್ಚುವಷ್ಟು. ನಮ್ಮ ವೃತ್ತಿಯಲ್ಲಿ ಒಂದು ಕೈ ಸುಣ್ಣ ಯಾವತ್ತೂ ಸಾಲದು, ಎರಡು ಕೈ ಬೇಕೇ ಬೇಕು. ಒಳ್ಳೆಯ ಎಲೆ ಆರಿಸಿ, ಅಂಗಡಿಯ ಅರಳಿದ ಸುಣ್ಣ ಬಳಿದು, ಮಡಚಿ, ಬೀಗರಿಗೆ ಕೊಡುವ ಮರ್ಯಾದೆಯಿಂದ ಜನಾಬ್‌ನ ಬಾಯಿಗೆ ಹಿಡಿದೆ. ಅವನು ನನ್ನನ್ನು ನಂಬಿ ಕಚ್ಚಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಾಯಿ ತೆರೆದ. ತೆರೆದ ಬಾಯಿ ಮುಚ್ಚಲಿಲ್ಲ, ನೊರೆ ಬಂತು, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳಲು ಹೋಗಿ ಮುಗ್ಗರಿಸಿದ. ನಂತರ ತಲೆ ಒಳಗೆಳೆದುಕೊಂಡು ಕಲ್ಲಾದ.

ಉಮೆಸಲ್ಮಾ ನನ್ನನ್ನು ದಬ್ಬಿ, ಅವನ ಬಾಯಿಗೆ ನೀರು ಬಿಟ್ಟು ತೊಳೆದಳು. ತೊಳೆಯುತ್ತ ಎರಡೂ ಭಾಷೆಯಲ್ಲಿ ನನ್ನನ್ನು ತೊಳೆದಳು. ಅದನ್ನು ಇಲ್ಲಿ ಯಾವ ಭಾಷೆಯಲ್ಲೂ ಬರೆಯುವುದಿಲ್ಲ.

ಅವನು ಊಟ ಬಿಟ್ಟ. ಅದೇ ಹೊತ್ತಿಗೆ ಗುಡ್ಡಿ ಬಕ್ರೀದಿಗೆ ಬರುತ್ತೇನೆಂದು ಹೇಳಿದಳು. ನನಗೆ ಬೆವರಿಳಿಯಿತು. ಮೆತ್ತಗಾದದ್ದು ಮುಟ್ಟಿದರೆ ಮಾತ್ರ ತಿಳಿಯುತ್ತದೆ, ಆದರೆ ಬೆನ್ನಿನ ಗುಡ್ಡಗಳು? ಫೋನಿನಲ್ಲಿ ಖುಷಿಯೆಂದು ಹಾರಿಸಿದ್ದನ್ನು ಎದುರಿಗೆ ಬಂದವಳು ನಂಬುತ್ತಾಳೆಯೇ? ಅಂಗಡಿಯಿಂದ ಒಂದು ಸಣ್ಣ ಡಬ್ಬಿ ಕಂದು ಬಣ್ಣ, ಒಂದು ಡಬ್ಬಿ ಕರಿ ಬಣ್ಣ ತಂದು, ಎರಡನ್ನೂ ಬೆರೆಸಿ, ನೆರಳು-ಬೆಳಕು ಆಡಿಸಿದರೆ ಉಬ್ಬು ಕಾಣದಂತೆ ಮಾಡಬಹುದೇ ಎಂದು ಲೆಕ್ಕ ಹಾಕುತ್ತಿದ್ದೆ.

“ಏನ್ ಮಾಡಾಕತ್ತೀರಿ?” ಉಮೆಸಲ್ಮಾ ಬಾಗಿಲಲ್ಲಿ ನಿಂತಿದ್ದಳು.

“ನೋಡಾಕತ್ತಿದ್ದೆ.”

“ಬ್ರಶ್ ಹಿಡ್ಕೊಂಡು ನೋಡ್ತಾರೇನ್ರಿ?” ಡಬ್ಬಿ ಕಸಿದುಕೊಂಡಳು. “ನಿಮ್ಮ ಮಾರಿಗೆ ಬಳ್ಕೋರಿ, ಹುಡುಗಿ ಬಂದಾಗ ಗುರ್ತು ಸಿಗಬಾರ್ದು. ಶಹಾಪುರದಾಗ ದನದ ಡಾಕ್ಟರಮ್ಮ ಇದ್ದಾರಂತ. ಎದ್ದೇಳ್ರಿ.”

ಅಷ್ಟರಲ್ಲಿ ಗುಡ್ಡಿಯದೇ ಫೋನ್ ಬಂತು. ಮೈಗೆ ಹುಷಾರಿಲ್ಲ, ಬಕ್ರೀದಿಗೆ ಬರಲಾಗುವುದಿಲ್ಲ, ಮುಂದೆ ಬರುತ್ತೇನೆ ಎಂದಳು. ನಾನು ಎಂಥ ಮನುಷ್ಯ ನೋಡಿ: ನನಗೆ ಖುಷಿಯಾಯಿತು. “ಅವಸರ ಇಲ್ಲವ್ವ, ಆರಾಮ ತಗೋ, ಆರಾಮ ತಗೋ” ಎಂದು ಹಾಡಿನಂತೆ ಹೇಳಿ ಫೋನ್ ಇಟ್ಟೆ. ಏನಾಗಿದೆ ಎಂದು ಕೇಳಲಿಲ್ಲ.

ಖಾಲಿ ಬಣ್ಣದ ದೊಡ್ಡ ಡಬ್ಬಿಯಲ್ಲಿ ಗೋಣಿಚೀಲ ಹಾಸಿ, ಜನಾಬ್‌ನನ್ನು ಕೂರಿಸಿ, ಶಹಾಪುರದ ಬಸ್ ಹತ್ತಿದೆ. ಪಕ್ಕದವನು “ಯಾವ ಬಣ್ಣಾರಿ?” ಎಂದ. “ಮಣ್ಣಿನ ಬಣ್ಣ” ಎಂದೆ. ಡಬ್ಬಿಯಿಂದ ತಲೆ ಹೊರಬಂದು ಅವನನ್ನು ನೋಡಿತು. ಅವನು ಎದ್ದು ಬೇರೆ ಸೀಟಿಗೆ ಹೋದ, ನನಗೆ ಕಾಲು ಚಾಚಲು ಜಾಗವಾಯಿತು.

ಡಾಕ್ಟರ್ ಪವಿತ್ರಾ ಚಿಕ್ಕ ವಯಸ್ಸಿನವರು. ಆಡು, ಎಮ್ಮೆಗಳ ಸಾಲಿನಲ್ಲಿ ನನ್ನ ಡಬ್ಬಿ ಬಂದಾಗ ಮೊದಲು ಕೇಳಿದ್ದು, “ನಮ್ಮ ಕಡಿ ನಕ್ಷತ್ರ ಆಮಿ ಅಲ್ಲಲ್ರಿ? ಅದನ್ನ ಮನ್ಯಾಗ ಸಾಕಿದ್ರ ಜೈಲು.” ಕಾಗದ ತೋರಿಸಿದೆ. ತಾನು ಆಮೆ ನೋಡಿದ್ದು ಕಡಿಮೆ ಎಂದು ಒಪ್ಪಿಕೊಂಡು, ಬೀದರಿನ ತಮ್ಮ ಗುರುಗಳಿಗೆ ಫೋನ್ ಮಾಡಿ, ಚಿಪ್ಪು, ಕಾಲು, ಬಾಯಿ ಎಲ್ಲ ತೋರಿಸಿ ಮಾತಾಡಿದರು. ಆಮೇಲೆ ನನ್ನ ವಿಚಾರಣೆ ಶುರುವಾಯಿತು.

“ಬಾಯಿ ಯಾಕ ಸುಟ್ಟದ?”

ಹೇಳಿದೆ.

“ಎಲಿಗಿ ಸುಣ್ಣ ಹಚ್ಚಿ ಕೊಟ್ರಿ? ಅಡಿಕಿ ಹಾಕ್ಲಿಲ್ಲೇನು?” ಎಂದರು. ಹಿಂದೆ ಆಡು ಹಿಡಿದು ನಿಂತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. “ಸುಣ್ಣ ಅಂದ್ರ ಸುಡೋದ್ರಿ ಸಾಬ್ರ. ಹೊಟ್ಟಿಗಿ ಹಾಕೋ ಕ್ಯಾಲ್ಸಿಯಂ ಬ್ಯಾರೆ. ಊಟಕ್ಕ ಏನ್ ಹಾಕ್ತೀರಿ?”

ಅನ್ನ, ಹಾಲು, ರೊಟ್ಟಿ, ಬಾಳೆಹಣ್ಣು ಎಂದು ಹೆಮ್ಮೆಯಿಂದ ಒಂದೊಂದಾಗಿ ಹೇಳಿದೆ. ಅವರ ಹುಬ್ಬು ಒಂದೊಂದಕ್ಕೂ ಮೇಲೇರಿತು. ಪಾಲಕ ಎಂದಾಗ ಹಣೆ ಹಿಡಿದುಕೊಂಡರು. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಪಾಲಕ ಕಟ್ಟಿಹಾಕುತ್ತದಂತೆ. ಇದು ಹುಲ್ಲು ತಿನ್ನುವ ಪ್ರಾಣಿ, ನೀವು ಮದುವೆ ಊಟ ಹಾಕಿದ್ದೀರಿ ಎಂದರು.

“ಇರೋ ಜಾಗಾ ಹ್ಯಾಂಗದ? ಬಿಸಿಲು ಬೀಳ್ತದ?”

ಈ ಪ್ರಶ್ನೆಗೆ ಮಾತ್ರ ನನಗೆ ಪೂರ್ತಿ ಮಾರ್ಕು ಗ್ಯಾರಂಟಿ ಇತ್ತು. ಎದೆ ಸೆಟೆಸಿ ಹೇಳಿದೆ: “ಒಂದು ಹನಿ ಬಿಸಿಲು ಬೀಳಂಗಿಲ್ರಿ! ಎರಡು ಪದರು ಬಲಿ ಕಟ್ಟಿಸೀನಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ತಿಂದದ್ದು ಚಿಪ್ಪಿಗಿ ಎಲುಬಿಗಿ ಹತ್ತಬೇಕಂದ್ರ ಮೈಮ್ಯಾಲೆ ಬಿಸಿಲು ಬೀಳಬೇಕ್ರಿ. ಇಲ್ಲಂದ್ರ ಒಳಗ ಹೋದದ್ದು ಹಂಗೇ ಹೊರಗ ಬರ್ತದ. ಯಾದಗಿರಿ ಜಿಲ್ಲಾದಾಗ ಬಿಸಿಲಿನ ಬರ ಬಿದ್ದ ಪೇಷಂಟ್ ಇದೇ ಮೊದಲ ನೋಡಾಕತ್ತೇನಿ.”

ಕಾಲಕೆಳಗೆ ಸುಣ್ಣದಕಲ್ಲಿನ ನೆಲ, ಸುತ್ತ ಸುಣ್ಣದ ಗೋಡೆ, ಅಂಗಡಿ ತುಂಬ ಸುಣ್ಣ, ತಲೆಯ ಮೇಲೆ ಇಡೀ ದೇಶಕ್ಕೆ ಹಂಚಿದರೂ ಮಿಕ್ಕುವ ಬಿಸಿಲು. ಇಷ್ಟರ ನಡುವೆ ಒಂದು ಆಮೆಗೆ ಕ್ಯಾಲ್ಸಿಯಂ ಇಲ್ಲದಂತೆ ಮಾಡಲು ಸಾಮಾನ್ಯನಿಂದ ಆಗುವುದಿಲ್ಲ, ನನ್ನಂಥ ಜಾಣನೇ ಬೇಕು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನಾನು ಆ ಕತ್ತಲೆಯನ್ನು ಕೈಯಾರೆ ಹಗ್ಗ ಕಟ್ಟಿ ತೂಗುಹಾಕಿದ್ದೆ.

ಬಾಯಿಗೆ ಔಷಧ, ಊಟದ ಮೇಲೆ ಉದುರಿಸಲು ಕ್ಯಾಲ್ಸಿಯಂ ಪುಡಿ ಕೊಟ್ಟರು. ಹುಲ್ಲು, ನುಗ್ಗೆ ಸೊಪ್ಪು, ಮುಳ್ಳು ಸುಟ್ಟ ಪಾಪಾಸುಕಳ್ಳಿ ಹಾಕಿ ಎಂದರು. ಪುಡಿ ಮುಗಿದರೆ ಕೋಳಿತತ್ತಿಯ ಸಿಪ್ಪೆ ಕುದಿಸಿ, ಒಣಗಿಸಿ, ಕುಟ್ಟಿ ಹಾಕಬಹುದು. ಅರ್ಧ ಅಂಗಳ ಬಿಸಿಲು, ಅರ್ಧ ನೆರಳು, ಒಂದು ಅಗಲ ತಾಟಿನಲ್ಲಿ ನೀರು. ಯಾವಾಗ ಎಲ್ಲಿರಬೇಕೆಂದು ಅವನೇ ಆರಿಸಿಕೊಳ್ಳುತ್ತಾನೆ.

“ಆ ಉಬ್ಬು ಇಳಿತಾವೇನ್ರಿ?”

“ಇಲ್ರಿ. ಆದದ್ದು ಆಗಿಹೋತು. ಇನ್ನ ಮುಂದ ಬೆಳೆಯೋದು ಸಪಾಟ ಬೆಳಿತದ.”

ಏಳುವಾಗ ಮೊಣಕಾಲು ಹಿಡಿದು “ಯಾ ಅಲ್ಲಾ” ಎಂದೆ. ಡಾಕ್ಟರಮ್ಮ ಓರೆಗಣ್ಣಿನಿಂದ ನೋಡಿದರು. “ನೀವೂ ದಿನಾ ಅಂಗಡಿ ನೆರಳಾಗೇ ಕೂಡ್ತೀರೇನು? ರಕ್ತ ತೋರಿಸ್ಕೋರಿ. ನಾ ದನದ ಡಾಕ್ಟರ್, ನಿಮಗ ಔಷಧ ಬರಿಯಾಕ ಬರಂಗಿಲ್ಲ.” ತೋರಿಸಿಕೊಂಡೆ. ಆಮೆಗೂ ನನಗೂ ಒಂದೇ ಕಾಯಿಲೆ. ಸುಣ್ಣದ ಅಂಗಡಿಯವನ ಎಲುಬಿನಲ್ಲಿ ಸುಣ್ಣ ಇಲ್ಲವೆಂದು ಉಮೆಸಲ್ಮಾ ಓಣಿಗೆಲ್ಲ ಸಾರಿ ಬಂದಳು.

ಬಲೆಯನ್ನು ಅರ್ಧಕ್ಕೆ ಬಿಚ್ಚಿಸಿದೆ. ಬೆಳಗಿನ ಬಿಸಿಲಿನಲ್ಲಿ ಜನಾಬ್ ಒಂದು ಕಡೆ, ಲುಂಗಿ ಮೊಣಕಾಲ ಮೇಲೆತ್ತಿಕೊಂಡು ನಾನು ಒಂದು ಕಡೆ. ಗೋಡೆಯಾಚೆಯಿಂದ ಜನ ಕೇಳುತ್ತಿದ್ದರು: “ಸಾಬ್ರ, ಇಬ್ರಾಗ ತತ್ತಿ ಇಡೋರು ಯಾರ್ರಿ?” ಆಮೆಗೆ ಸಿಪ್ಪೆ ಬೇಕೆಂದು ಮನೆಯವರೆಲ್ಲ ತತ್ತಿ ತಿನ್ನತೊಡಗಿದೆವು. ಸಿಪ್ಪೆಯನ್ನು ಅಮ್ಮ ತನ್ನ ಖಲಬತ್ತಾದಲ್ಲೇ ಕುಟ್ಟಿಕೊಟ್ಟಳು. ಅವಳ ಎಲೆಗೆ ತತ್ತಿಯ ಪುಡಿ ಬೆರೆಯಿತೋ, ಆಮೆಯ ಊಟಕ್ಕೆ ತಂಬಾಕು ಬೆರೆಯಿತೋ, ಅದು ನಾನು ವಿಚಾರಿಸಲು ಧೈರ್ಯ ಮಾಡದ ಸಂಗತಿ.

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಚಿಪ್ಪಿನ ಅಂಚು ಗಟ್ಟಿಯಾಯಿತು. ಜನಾಬ್ ಮತ್ತೆ ಹೊಟ್ಟೆ ಎತ್ತಿ ನಡೆದ. ಗುಡ್ಡಗಳು ಮಾತ್ರ ಇದ್ದಲ್ಲೇ ಇದ್ದವು, ಅವುಗಳ ಸುತ್ತ ತೆಳ್ಳಗೆ ಹೊಸ ಬೆಳವಣಿಗೆ ಸಪಾಟಾಗಿ ಬಂದಿತ್ತು. ಆಗ ಗುಡ್ಡಿ ಬರುವ ಸುದ್ದಿ ಬಂತು. ಜೊತೆಗೆ ಇನ್ನೊಂದು ಸುದ್ದಿ: ಅವಳಿಗೆ ಐದನೇ ತಿಂಗಳು. ಅಮ್ಮ ಕುಣಿಯುವುದೊಂದು ಬಾಕಿ. ನನಗೂ ಸಂತೋಷವಾಯಿತು, ಆದರೆ ತಲೆಯ ತುಂಬ ಆ ಗುಡ್ಡಗಳೇ. ಅವಳು ಕೇಳಿದರೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ.

ಗಂಡ ಬಾಗಿಲಲ್ಲಿ ಸಾಮಾನು ಇಳಿಸುತ್ತಿದ್ದ. ಗುಡ್ಡಿ ಒಳಗೆ ಬಂದವಳು ನೇರ ಹಿಂದಿನ ಅಂಗಳಕ್ಕೆ ನಡೆದಳು. ನಾನು ಹಿಂದೆ ಹಿಂದೆ, ಪಾಠ ಒಪ್ಪಿಸುತ್ತ: “ನೋಡವ್ವ, ತಪ್ಪು ನಂದೇ, ಬೆನ್ನು ಹಿಂಗಾತು, ಆದ್ರ ಈಗ ಅಂಚು ಮುಟ್ಟಿ ನೋಡು, ಕಲ್ಲಾಗ್ಯಾದ…”

ಅಂಗಳಕ್ಕೆ ಎರಡೇ ಮೆಟ್ಟಿಲು. ಬಾಲ್ಯದಲ್ಲಿ ಅವನ್ನು ಅವಳು ಎಂದೂ ಇಳಿದವಳಲ್ಲ, ಹಾರುತ್ತಿದ್ದಳು. ಈಗ ಗೋಡೆ ಹಿಡಿದುಕೊಂಡು ಒಂದು ಕಾಲಿಟ್ಟಳು, ನಿಂತಳು, ಹಲ್ಲು ಕಚ್ಚಿ ಇನ್ನೊಂದಿಟ್ಟಳು. ಕೈಗೆ ನನ್ನ ಸುಣ್ಣ ಹತ್ತಿತು. ಆ ಕೈಗೂ ಸುಣ್ಣಕ್ಕೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

“ಕಾಲಿಗಿ ಏನಾಗ್ಯಾದ?” ಉಮೆಸಲ್ಮಾ ಕೇಳಿದಳು. ಕೇಳಿದ್ದು ಅವಳು, ನಾನಲ್ಲ.

“ಏನಿಲ್ಲ ಮಾಮಿ. ಎಲುಬು ನೋಯ್ತಾವ. ಬಕ್ರೀದ್ ಹೊತ್ತಿನಿಂದ ಹಿಂಗೇ. ಡಾಕ್ಟರ್ ಗುಳಿಗಿ ಕೊಟ್ಟಾರ, ಬಿಸಿಲಿಗೆ ಕೂಡು ಅಂದಾರ. ಅಲ್ಲಿ ಬಿಸಿಲೆಲ್ಲಿ? ಸುತ್ತ ದೊಡ್ಡ ಬಿಲ್ಡಿಂಗ್, ಕಿಟಕಿ ತೆಗೆದ್ರ ಪಕ್ಕದ ಮನಿ ಗ್ವಾಡಿ. ಹಗಲೂ ಲೈಟ್ ಬೇಕು. ಮಾಮುಗೆ ಗೊತ್ತದ, ದಿನಾ ನಗ್ತಿದ್ರು.”

ಅವಳು ದೂರೆಂದು ಹೇಳಲಿಲ್ಲ. ಪರಸಿಯ ಮೇಲೆ ಕುಳಿತು ಜನಾಬ್‌ನ ಬೆನ್ನು ಸವರುತ್ತ ಸುಮ್ಮನೆ ಹೇಳಿದಳು. ಜನಾಬ್ ತಲೆ ಹೊರಗೆ ಚಾಚಿ ಅವಳ ಪಾದ ಮೂಸಿದ.

ನಾನು ಅಲ್ಲಿಯೇ ನಿಂತಿದ್ದೆ. ಆ ಮನೆಯ ಗೋಡೆಗಳನ್ನೆಲ್ಲ ಬಡಿದು ನೋಡಿದ್ದೆನಲ್ಲ, ಒಂದೇ ಒಂದು ಕಿಟಕಿ ತೆರೆದು ನೋಡಿರಲಿಲ್ಲ. ದಿನಾ ಫೋನು ಬರುತ್ತಿತ್ತು, ದಿನಾ ಆ ಬಿಳಿಚಿದ ಮುಖ ನನ್ನ ಅಂಗೈಯಲ್ಲಿತ್ತು. ಆಮೆ ಏನು ತಿಂದಿತೆಂದು ಅವಳಿಗೆ ದಿನಾ ಹೇಳಿದೆ, ನೀನೇನು ತಿಂದೆ ಎಂದು ಒಮ್ಮೆಯೂ ಕೇಳಲಿಲ್ಲ. ಹುಷಾರಿಲ್ಲ ಎಂದಾಗ ಹಿಗ್ಗಿದೆ. ಅವಳು ಇಟ್ಟುಹೋದ ಅಮಾನತ್ ಕಾಯುತ್ತ ಕುಳಿತ ನನಗೆ, ಅಕ್ಕ ಕಣ್ಣು ಮುಚ್ಚುವಾಗ ನನ್ನ ಕೈಗಿಟ್ಟ ಅಮಾನತ್ ಯಾವುದೆಂಬುದು ಮರೆತುಹೋಗಿತ್ತು. ಅಕ್ಕ ಹೆರಿಗೆಯಲ್ಲಿ ಹೋದದ್ದು ನೆನಪಾಯಿತು. ಹೆದರಿಕೆಯಾಯಿತು. ಇಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

“ಬೆನ್ನು ಹಿಂಗ್ಯಾಕ ಆತು ಮಾಮು?” ಗುಡ್ಡಿ ಕೇಳಿದಳು.

ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. “ಬಿಸಿಲು ಬಿಡ್ಲಿಲ್ಲವ್ವ ನಾ ಅದಕ್ಕ” ಎಂದೆ. ನಾನು ಅಳುವುದನ್ನು ನೋಡಿ ಅಮ್ಮ ಖಲಬತ್ತಾ ನಿಲ್ಲಿಸಿದಳು. ನಾನು ಅತ್ತದ್ದನ್ನು ಅವಳು ಕಂಡದ್ದು ಕಡಿಮೆ, ನನಗೆ ಸಿಟ್ಟು ಬಂದಿದೆಯೆಂದು ತಿಳಿದಳೋ ಏನೋ.

ಏಣಿ ತಂದು ಉಳಿದರ್ಧ ಬಲೆಯನ್ನೂ ಕೊಯ್ದು ಹಾಕಿದೆ. “ಅದು ನೆರಳಿಗಿ ಬೇಕ್ರಿ!” ಎಂದು ಉಮೆಸಲ್ಮಾ ಕೂಗಿದಳು. ಸರಿಯಾಗಿಯೇ ಕೂಗಿದಳು, ಮರುದಿನ ಅರ್ಧ ಮತ್ತೆ ಕಟ್ಟಿಸಬೇಕಾಯಿತು. ಆದರೆ ಆ ಹೊತ್ತಿಗೆ ಸುರಪುರದ ಬಿಸಿಲೆಲ್ಲ ಆ ಹುಡುಗಿಯ ಮೇಲೆ ಬೀಳಬೇಕೆನ್ನಿಸಿತ್ತು. ಅವಳ ಗಂಡನನ್ನು ಕರೆದು, ಹೆರಿಗೆ ಆಗಿ ಕಾಲು ಗಟ್ಟಿಯಾಗುವವರೆಗೆ ಇವಳು ಇಲ್ಲೇ ಎಂದೆ. ಪಾಪ, ಅವನು ನಾನು ಏಣಿಯ ಮೇಲಿಂದ ಕತ್ತಿ ಹಿಡಿದು ಹೇಳುವುದನ್ನು ನೋಡಿ ಕೂಡಲೇ ಒಪ್ಪಿದ. ಕಾಲನ್ನು ಯಾದಗಿರಿಯ ದೊಡ್ಡ ಡಾಕ್ಟರಿಗೆ ತೋರಿಸುವುದೆಂದು ಅವನೇ ಹೇಳಿದ.

ಈಗ ಬೆಳಗಿನ ಬಿಸಿಲಿನಲ್ಲಿ ನಾವು ಮೂವರು. ಮೊದಲ ದಿನ ನಾನು ಒಲೆಯಿಂದ ಬಿಸಿ ತತ್ತಿ ಇಳಿಸಿ ತಂದು, ಗುಡ್ಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸುಲಿದೆ. ಬೆರಳು ಸುಟ್ಟಿತು, ಬಿಡಲಿಲ್ಲ. ಅವಳು ಕೈ ಚಾಚಿ ಸಿಪ್ಪೆ ಇಸಿದುಕೊಂಡು, “ಜನಾಬ್‌ಗೆ ಮೊದಲ ಕೊಡ್ರಿ ಮಾಮು, ಅವ ಹಸಿದಾನ” ಎಂದಳು.

“ಅವನಿಗಿ ಸಿಪ್ಪಿ ಸಾಕು” ಎಂದೆ. “ನೀ ಮೊದಲ ತತ್ತಿ ತಿನ್ನು. ನಾ ನೋಡಬೇಕು.”